ಸಾಲಗುಂದದಿಂದ ತಂದ ಹುಳ

೧೧ ನವೆಂಬರ್ ೧೯೫೪, ಸಿಂಧನೂರು

ಇವರು ಇಂದು ನನಗೆಂದೇ ಒಂದು ವಸ್ತು ತಂದರು. ಮದುವೆಯಾಗಿ ಹನ್ನೆರಡು ವರ್ಷವಾಯಿತು. ಸೀರೆ ತಂದಿದ್ದಾರೆ, ಬಳೆ ಇಡಿಸಿದ್ದಾರೆ. ಆದರೆ ಅವು ಹಬ್ಬಕ್ಕೆ ಬರುವಂಥವು, ನನಗೆ ಬರುವಂಥವಲ್ಲ. ಇಂದು ಬಂಡಿಯಿಂದ ಇಳಿದವರೇ, "ಕಸ್ತೂರಿ, ಇದು ನಿನಗ" ಎಂದರು. ನೋಡಿದರೆ ಒಂದು ಮರದ ಪೆಟ್ಟಿಗೆ. ಕಿವಿ ಹಚ್ಚಿದರೆ ಒಳಗೆ ಗುಂಯ್ ಎಂಬ ಸದ್ದು. ಜೇನುಹುಳ!

ಸಾಲಗುಂದದಲ್ಲಿ ಯಾರದೋ ಹಿತ್ತಲಿನ ಹುಣಸೆಮರದ ಪೊಟರೆಯಲ್ಲಿ ಕಟ್ಟಿದ್ದವಂತೆ. ಇವರು ತಮ್ಮ ಕಾಳಿನ ಅಂಗಡಿಗೆಂದು ಜೋಳ ನೋಡಲು ಹೋದಾಗ ಕಂಡು, ಗ್ರಾಮಸೇವಕ ಗೋಪಣ್ಣನನ್ನು ಕರೆದೊಯ್ದು, ಪೆಟ್ಟಿಗೆಗೆ ಇಳಿಸಿಕೊಂಡು ಬಂದಿದ್ದಾರೆ. ಗೋಪಣ್ಣ ಲಿಂಗಸುಗೂರಿನ ಕಡೆಯವನು, ಇಪ್ಪತ್ತೈದರ ಹುಡುಗ. ಸರಕಾರದವರು ಅವನಿಗೊಂದು ಸೈಕಲ್ಲು ಕೊಟ್ಟು ಊರೂರಿಗೆ ಬುದ್ಧಿ ಹೇಳಲು ಬಿಟ್ಟಿದ್ದಾರೆ. ಹಿತ್ತಲಲ್ಲಿ ಬೇವಿನ ನೆರಳಿಗೆ ಪೆಟ್ಟಿಗೆ ಇಟ್ಟು, ಇರುವೆ ಹತ್ತದಂತೆ ನಾಲ್ಕು ಕಾಲಿಗೂ ನೀರಿನ ಬಟ್ಟಲು ಕೊಟ್ಟ.

ಅತ್ತೆ ಪಡಸಾಲೆಯಿಂದಲೇ ನೋಡಿ, "ಊರಾಗ ಎಲ್ಲಾರೂ ಎಮ್ಮಿ ಕಟ್ತಾರ. ನನ ಮಗ ಸೂಗಪ್ಪ ಹುಳ ಕಟ್ಯಾನ" ಎಂದರು. ಇವರು ನಕ್ಕರು. ಅವ್ವ ಏನಂದರೂ ಇವರು ನಗುವುದೇ.

ನನಗೆ ಒಂದೇ ಅಂಜಿಕೆ ಇತ್ತು. ಶ್ರಾವಣದಲ್ಲಿ ಮಠದ ಕರಿಬಸಯ್ಯ ಶಾಸ್ತ್ರ ನೋಡಿ ಹೇಳಿದ್ದರು: ಹಿಂದಿನ ಜನ್ಮದಲ್ಲಿ ನಾನು ಮರಿ ತುಂಬಿದ ಗೂಡೊಂದನ್ನು ಕೆಡಿಸಿದ್ದೇನೆ, ಅದಕ್ಕೇ ನನ್ನ ಮಡಿಲು ತುಂಬುತ್ತಿಲ್ಲ. ಇನ್ನು ಉಸಿರಿರುವ ತನಕ ಯಾವ ಗೂಡಿಗೂ ಕೈ ಹಚ್ಚಬಾರದು. ಅಂದಿನಿಂದ ಜಂತಿಯಲ್ಲಿ ಗುಬ್ಬಿ ಕಟ್ಟಿದ ಕಸವನ್ನೂ ನಾನು ತೆಗೆದಿಲ್ಲ. ಹಾಗಾಗಿ ಗೋಪಣ್ಣನನ್ನು ಕೇಳಿದೆ: "ಜೇನು ತೆಗೀಬೇಕಂದ್ರ ಹುಟ್ಟಿ ಹಿಂಡಬೇಕಲ್ಲ ತಮ್ಮ?"

"ಇಲ್ಲ ಅಕ್ಕಾರ. ಹಿಂಡೂದಿಲ್ಲ, ಸುಡೂದಿಲ್ಲ. ಡಬ್ಬ್ಯಾಗಿಟ್ಟು ಗಿರಗಿರ ತಿರುವಿದ್ರ ತುಪ್ಪ ಹೊರಗ ಬರ್ತದ. ಹುಟ್ಟಿ ಹಂಗಾ ಉಳೀತದ, ಮರಿ ಒಂದೂ ಸಾಯಂಗಿಲ್ಲ."

ಹಾಗಿದ್ದರೆ ಸರಿ. ನನಗೆಂದು ಬಂದದ್ದನ್ನು ನಾನು ಯಾಕೆ ಒಲ್ಲೆ ಅನ್ನಲಿ?

೧೫ ನವೆಂಬರ್

ಹುಳಗಳು ಕಾಲಲ್ಲಿ ಹಳದಿ ಹಿಟ್ಟು ಮೆತ್ತಿಕೊಂಡು ಬರುತ್ತಿವೆ. ಒಳಗೆ ಮರಿ ಇದ್ದರೆ ಮಾತ್ರ ಹೀಗೆ ಹಿಟ್ಟು ತರುತ್ತವಂತೆ, ಮರಿಗೆ ಉಣಿಸಲು. ಹುಳ ನಿಂತವು ಎಂದ ಗೋಪಣ್ಣ.

ಯಾರಿಗೂ ಹೇಳಿಲ್ಲ, ಇಲ್ಲಿ ಮಾತ್ರ ಬರೆಯುತ್ತೇನೆ. ಈ ಹುಳಗಳು ಯುಗಾದಿಯವರೆಗೆ ನನ್ನ ಹಿತ್ತಲಲ್ಲಿ ನಿಂತರೆ, ನನ್ನ ಹೊಟ್ಟೆಯಲ್ಲೂ ಒಂದು ಜೀವ ನಿಲ್ಲುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಳು ಎಂದು ನಗುವವರು ನಗಲಿ. ಕುಲಾವಿ ಹೊಲಿಯದೆ ಹನ್ನೆರಡು ವರ್ಷ ನೋಡಿದ್ದಾಯಿತಲ್ಲ.

೨೯ ನವೆಂಬರ್

ಅತ್ತೆ ರೊಟ್ಟಿ ಮುರಿಯುತ್ತಲೇ ಮಾತು ತೆಗೆದರು. "ಡಿಲ್ಲ್ಯಾಗ ಕಾಯ್ದೆ ತರಾಕತ್ಯಾರಂತ. ಇನ್ಮ್ಯಾಲ ಗಂಡಸಿಗೆ ಒಂದಾ ಹೆಂಡ್ತಿ. ಬ್ಯಾಸಿಗಿಗೆ ಬರ್ತದಂತ. ಅದು ಬರೂದ್ರಾಗ ನಮ್ಮ ಕೆಲಸ ಮುಗಿಸಬೇಕು ಸೂಗಪ್ಪ."

ನಮ್ಮ ಕೆಲಸವೆಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಟ್ಟಿನ ಕೈ ಹಿಟ್ಟಿನಲ್ಲೇ ನಿಂತಿತು.

ಇವರು ತಟ್ಟೆ ನೋಡುತ್ತ ಅಂದರು: "ಕಸ್ತೂರಿ ಹೂಂ ಅಂದ್ರಷ್ಟ ಅವ್ವಾ. ಆಕಿ ಒಲ್ಲೆ ಅಂದ್ರ ಈ ಮಾತು ಇಲ್ಲಿಗೇ ಬಿಡಬೇಕು."

"ಆತಪಾ. ಯುಗಾದಿ ತನ ನೋಡೋಣು. ಅಷ್ಟ್ರಾಗ ದೇವ್ರು ಕಣ್ಣು ತೆರದ್ರ ಚಲೋನ ಆತು."

ಆಗ ನನ್ನ ಎದೆ ತುಂಬಿ ಬಂತು. ನನ್ನ ಮಾತಿಲ್ಲದೆ ಮಾಡುವುದಿಲ್ಲ ಎಂದರಲ್ಲ, ಎಂಥ ಗಂಡ ಎಂದುಕೊಂಡೆ. ಪಾತ್ರೆ ತಿಕ್ಕುವಾಗ ಬೇರೆಯೇ ತಿಳಿಯಿತು. ಒಲ್ಲೆ ಎಂದರೆ ವಂಶ ಮುರಿದವಳು ನಾನು. ಹೂಂ ಎಂದರೆ ನನ್ನ ಕೊರಳು ನಾನೇ ಕೊಯ್ದುಕೊಂಡವಳು. ಇವರು ಮಾತ್ರ ಎರಡರಲ್ಲೂ ಒಳ್ಳೆಯವರು. ಪಾತ್ರೆಯನ್ನು ಎರಡು ಸಲ ತಿಕ್ಕಿದೆ.

೯ ಡಿಸೆಂಬರ್

ಅತ್ತೆ ಕೊನೆಯ ಸಲವೆಂದು ಲಿಂಗಸುಗೂರಿನ ದವಾಖಾನೆಗೆ ಕರೆದೊಯ್ದರು. ಹೆಣ್ಣು ಡಾಕ್ಟರು. ನೋಡಬೇಕಾದ್ದನ್ನೆಲ್ಲ ನೋಡಿ, "ಈಕಿಯೊಳಗ ದೋಷ ಕಾಣೂದಿಲ್ಲ. ಗಂಡನ್ನ ಕರ್ಕೊಂಡು ಬರ್ರಿ" ಎಂದರು. ಅತ್ತೆ ಬಸ್ಸಿನಲ್ಲಿ ಇಡೀ ದಾರಿ ಬೈದರು. "ಗಂಡಸಿನಾಗ ಏನ್ ದೋಷ ಇರ್ತದ? ಬೀಜ ಬಿತ್ತಿದವನ ತಪ್ಪೋ, ಹೊಲದ ತಪ್ಪೋ?" ನನಗೂ ಹಾಗೇ ಅನ್ನಿಸಿತು. ಓದಿದವರೆಲ್ಲ ತಿಳಿದವರಲ್ಲ. ಇವರಿಗೆ ಹೇಳಿದರೆ, "ಸುಗ್ಗಿ ಬರಾಕತ್ತೈತಿ, ದುಕಾನ ಬಿಟ್ಟು ಹೆಂಗ ಬರ್ಲಿ" ಎಂದು ಎದ್ದುಹೋದರು. ಡಾಕ್ಟರಿಗೆ ಏನು ಗೊತ್ತು, ಸುಗ್ಗಿಯ ಕಷ್ಟ.

೨೦ ಡಿಸೆಂಬರ್

ಹುಳ ರೆಪ್ಪೆಗೆ ಕಚ್ಚಿತು. ಕಣ್ಣು ಹುಣಸೆಬೀಜದಷ್ಟು ಸಂದಿಯಾಗಿದೆ. ಕಂಡವರೆಲ್ಲ ಅತ್ತಿದ್ದೇನೆಂದು ತಿಳಿದು ಸಮಾಧಾನ ಹೇಳಿದರು. ಹುಳ ಕಚ್ಚಿದ್ದೆಂದು ಹೇಳಿ ಹೇಳಿ ಸಾಕಾಯಿತು. ಅತ್ತಿದ್ದೂ ಹೌದು, ಆದರೆ ಅದು ಇನ್ನೊಂದು ಕಣ್ಣಿನಲ್ಲೂ ಇತ್ತಲ್ಲ.

೬ ಜನವರಿ ೧೯೫೫

ರಾಣಿಯನ್ನು ಕಂಡೆ! ಗೋಪಣ್ಣ ಬೆರಣಿಯ ಹೊಗೆ ಊದಿ ಚೌಕಟ್ಟೊಂದನ್ನು ಎತ್ತಿ ಬಿಸಿಲಿಗೆ ಹಿಡಿದ. ಉಳಿದವಕ್ಕಿಂತ ಉದ್ದ, ಕಪ್ಪು ಮೈ. ನಡೆದಲ್ಲೆಲ್ಲ ಹುಳಗಳು ದಾರಿ ಬಿಟ್ಟು ಅವಳತ್ತ ಮುಖ ಮಾಡುತ್ತವೆ. ಒಂದೊಂದು ಮನೆಯಲ್ಲಿ ಒಂದೊಂದು ತತ್ತಿ ಇಡುತ್ತಾಳೆ, ದಿನಕ್ಕೆ ನೂರಾರು.

"ನೂರಾರು?" ಎಂದು ಕೇಳಿದೆ. ದನಿ ಹೇಗಿತ್ತೋ ಏನೋ, ಗೋಪಣ್ಣ ಚೌಕಟ್ಟನ್ನು ಮೆಲ್ಲಗೆ ಒಳಗಿಟ್ಟುಬಿಟ್ಟ.

ಜೋಳ ಹೊಡೆಹಾಯ್ದಿದೆ, ಕುಸುಬಿ ಹೂವಾಗುತ್ತಿದೆ. ಪೆಟ್ಟಿಗೆ ಭಾರವಾಗುತ್ತಿದೆ. ಯುಗಾದಿಗೆ ಇನ್ನು ಹನ್ನೊಂದು ವಾರ. ನನ್ನ ತಿಂಗಳು ಈ ಸಲ ನಾಲ್ಕು ದಿನ ತಡವಾಗಿದೆ. ಇಲ್ಲಿ ಬರೆದರೆ ಕಣ್ಣು ತಾಕೀತು. ಬರೆದಾಯಿತು.

೯ ಜನವರಿ

ಇಲ್ಲ.

೧೪ ಜನವರಿ

ಸಂಕ್ರಾಂತಿಗೆ ಅತ್ತೆ ಸಾಲಗುಂದದಿಂದ ಬಳಗದವರನ್ನು ಕರೆಸಿದ್ದರು. ತಂದೆ, ತಾಯಿ, ಹದಿನೆಂಟರ ಮಗಳು. ಹುಡುಗಿಯ ಹೆಸರು ಪಂಪಮ್ಮ. ನಾನೇನು ಕೂಸೇ, ಯಾವ ಬಳಗವೆಂದು ತಿಳಿಯದೆ ಇರಲು? ಎಳ್ಳುಹೋಳಿಗೆ ಬಡಿಸಿದೆ, ತುಪ್ಪ ಕಡಿಮೆ ಮಾಡಲಿಲ್ಲ.

ಉಂಡ ಮೇಲೆ ಹುಡುಗಿ ನೆಟ್ಟಗೆ ಹಿತ್ತಲಿಗೆ ನಡೆದಳು. ನಾನು ಬೆನ್ನಿಗೇ ಹೋದೆ. ಪೆಟ್ಟಿಗೆಯ ಬಾಗಿಲ ಮುಂದೆ ಮೊಣಕಾಲೂರಿ, ಅಂಗೈ ಮೇಲೆ ಹುಳ ಬಿಟ್ಟುಕೊಂಡು ಕುಳಿತಿದ್ದಳು. ಅಂಜಿಕೆಯೇ ಇಲ್ಲ.

"ಅಕ್ಕಾ, ಇವು ನಮ್ಮ ಹುಣಸಿಮರದ ಹುಳ. ಚಲೋ ಇಟ್ಟೀರಿ ನೋಡ್ರಿ. ನಮ್ಮಪ್ಪ ಪ್ರತಿ ವರ್ಷ ಬೆಂಕಿ ಹಚ್ಚಿ ಸುಡ್ತಿದ್ದ."

"ನಿಮ್ಮ ಮರದವೇನು?"

"ಹೂಂರಿ. ಸೌಕಾರ್ರು ನನ್ನ ನೋಡಾಕ ಬಂದಿದ್ರಲ್ಲ, ದೀಪಾವಳಿ ಮರುವಾರ. ಅವತ್ತು ಮರದ ಕೆಳಗ ಬಾಳೊತ್ತು ನಿಂತಿದ್ರು. ನನ್ನ ನೋಡಿದ್ದು ಕಮ್ಮಿ, ಹುಳ ನೋಡಿದ್ದ ಹೆಚ್ಚು." ಅಷ್ಟು ಹೇಳಿ ನಕ್ಕಳು. ನನ್ನ ಮುಖ ಕಂಡು ನಗು ನಿಂತಿತು. "ನಿಮಗ ಗೊತ್ತಿದ್ದಿಲ್ಲೇನ್ರಿ? ನೀವಾ ಹೂಂ ಅಂದೀರಿ ಅಂದ್ರು ನಮಗ."

ದೀಪಾವಳಿ ಮರುವಾರ. ಅತ್ತೆ ಮಾತು ತೆಗೆದದ್ದು ನವೆಂಬರ್ ಕೊನೆಗೆ. ನನ್ನ ಹೂಂ ಕೇಳುವ ಮೊದಲೇ ಹೆಣ್ಣು ನೋಡಿ ಆಗಿತ್ತು. ಹೆಣ್ಣು ನೋಡಿದ ಹಿತ್ತಲಿನಿಂದಲೇ ನನಗೆ ಆಟಿಕೆ ಬಂದಿತ್ತು.

೧೫ ಜನವರಿ

ಕೇಳಿದೆ. ಸುಳ್ಳು ಹೇಳಲಿಲ್ಲ. "ನೋಡಾಕ ಹೋಗಿದ್ದು ಖರೆ, ಕಸ್ತೂರಿ. ಅವ್ವನ ಕಾಟಕ್ಕ ಹೋದೆ. ಅಲ್ಲಿ ಕುಂದ್ರಾಕ ಮನಸಾಗ್ಲಿಲ್ಲ, ಹಿತ್ತಲಕ್ಕ ಎದ್ದು ಹೋದೆ. ಹುಳ ಕಂಡವು. ನೀ ಒಬ್ಬಾಕೀನ ಇರ್ತಿ, ನಿನಗ ಒಯ್ಯೋಣು ಅನಿಸ್ತು. ಅದೂ ಖರೇನ." ಹೇಳುತ್ತ ಹೇಳುತ್ತ ಅತ್ತರು.

ಅಳುವ ಗಂಡಸನ್ನು ನಂಬಬಾರದು ಎನ್ನುತ್ತಾರೆ. ನಾನು ಸೆರಗಿನಿಂದ ಕಣ್ಣೊರೆಸಿದೆ. ಎರಡೂ ನಿಜವೇ ಇರಬೇಕು. ಒಂದು ಸುಳ್ಳಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

೧೬ ಜನವರಿ

ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ.

೧೭ ಜನವರಿ

ಇಂದೂ ಹೋಗಲಿಲ್ಲ.

೧೯ ಜನವರಿ

ಹೋದೆ. ಬಟ್ಟಲು ಬತ್ತಿ ಕೆಂಪಿರುವೆಯ ಸಾಲು ಕಾಲು ಹತ್ತಿ ಒಳಗೆ ನುಗ್ಗಿತ್ತು. ಬಾಗಿಲಲ್ಲಿ ಹುಳಗಳು ಇರುವೆಯೊಡನೆ ಹೊಡೆದಾಡಿ ಸತ್ತು ಬಿದ್ದಿದ್ದವು. ನನ್ನ ಸಿಟ್ಟಿಗೆ ಅವು ಸತ್ತವು. ಬಿಸಿನೀರು ಹೊಯ್ದು, ಬೂದಿ ಹಾಕಿ, ಬಟ್ಟಲು ತುಂಬಿಸಿ ಅಲ್ಲೇ ಕುಳಿತು ಅತ್ತುಬಿಟ್ಟೆ. ಯಾರ ಮರದಿಂದ ಬಂದರೇನು, ಅವು ಏನು ಮಾಡಿದ್ದವು?

೨೧ ಫೆಬ್ರವರಿ

ಗೋಪಣ್ಣ ಬಂದು ಪೆಟ್ಟಿಗೆ ತೆರೆದವನೇ, "ಅಕ್ಕಾರ, ರಾಣಿಮನಿ ಕಟ್ಟ್ಯಾವ" ಎಂದ. ಹುಟ್ಟಿಯ ಕೆಳಅಂಚಿಗೆ ಶೇಂಗಾ ಕಾಯಿಯಂತೆ ಐದು ಜೋತುಬಿದ್ದಿದ್ದವು. ಒಳಗೆ ಹೊಸ ರಾಣಿಯ ಮರಿ ಇದೆಯಂತೆ. ಹೊಸಬಳು ಹೊರಬರುವ ಮೊದಲು ಹಳೆಯ ರಾಣಿ ಅರ್ಧ ಹುಳ ಕಟ್ಟಿಕೊಂಡು ಮನೆ ಬಿಟ್ಟು ಹೋಗುತ್ತಾಳೆ. ತಡೆಯಬೇಕೆಂದರೆ ಆ ಐದನ್ನೂ ಚಿವುಟಿ ಹಾಕಬೇಕು. ವಾರಕ್ಕೊಮ್ಮೆ ನೋಡಿ, ಹೊಸದಾಗಿ ಕಟ್ಟಿದವನ್ನೂ ಚಿವುಟಬೇಕು.

"ಒಳಗ ಮರಿ ಐತಿ ಅಂದ್ಯಲ್ಲ?"

"ಐತ್ರಿ. ಹುಳದ ಮರಿ."

ಅವನಿಗೆ ತುರ್ವಿಹಾಳಕ್ಕೆ ಹೋಗಬೇಕಿತ್ತು. ಚಾಕು ನನ್ನ ಕೈಗೆ ಕೊಟ್ಟು, "ನಿಮ್ಮ ಕೈ ಹಗುರ ಐತಿ, ನೀವಾ ಮಾಡ್ರಿ. ಇವತ್ತ ಮಾಡ್ರಿ" ಎಂದು ಸೈಕಲ್ಲು ಹತ್ತಿದ.

ಚೌಕಟ್ಟು ಎತ್ತಿದೆ. ಚಾಕು ಹಚ್ಚಿದೆ. ತೊಗಟೆ ತೆಳ್ಳಗಿತ್ತು, ಒಳಗೆ ಏನೋ ಅಲುಗಿತು. ಕರಿಬಸಯ್ಯ ಎದುರಿಗೇ ನಿಂತಂತಾಯಿತು. ಒಂದು ಗೂಡು ಕೆಡಿಸಿದ್ದಕ್ಕೆ ಒಂದು ಜನ್ಮ ಬಂಜೆಯಾದವಳು, ಐದು ಕೆಡಿಸಿ ಎಷ್ಟು ಜನ್ಮ ಹೊರಲಿ? ಹಾಗೇ ಒಳಗಿಟ್ಟು ಮುಚ್ಚಿದೆ.

೨೫ ಫೆಬ್ರವರಿ

ಗೋಪಣ್ಣ ಕೇಳಿದ. ಚಿವುಟಿದೆ ಎಂದೆ. ಹುಡುಗ ನಂಬಿದ.

೧ ಮಾರ್ಚ್

ಹೋದವು! ಹನ್ನೊಂದು ಗಂಟೆಯ ಬಿಸಿಲಿಗೆ ಪೆಟ್ಟಿಗೆಯ ಬಾಯಿಂದ ಸುರಿದಂತೆ ಹೊರಬಂದು ಹಿತ್ತಲೆಲ್ಲ ತುಂಬಿಕೊಂಡವು. ಅತ್ತೆ ತಾಟು ಬಡಿದರು, ಆಳು ಮಣ್ಣು ತೂರಿದ. ಕೊನೆಗೆ ಗೋಡೆಯಾಚೆ ಖಾತೂನ್‌ಬೀಯ ನುಗ್ಗೆಗಿಡಕ್ಕೆ ಗೊಂಚಲಾಗಿ ಇಳಿಬಿದ್ದವು. ಖಾತೂನ್‌ಬೀ ನಮ್ಮ ಕೇರಿಗೆ ಕುಪ್ಪಸ ಹೊಲಿಯುವವಳು, ಐವತ್ತು ದಾಟಿದವಳು. ಅವಳೇ ಸ್ಟೂಲು ಹಿಡಿದಳು. ನಾನು ಹತ್ತಿ ಬುಟ್ಟಿ ಹಿಡಿದು ಟೊಂಗೆ ಝಾಡಿಸಿದೆ. ಏಳು ಕಡೆ ಕಚ್ಚಿದವು. ಅರಿವೆ ಮುಚ್ಚಿ ಬುಟ್ಟಿ ನೆರಳಿಗಿಟ್ಟೆವು.

ಮುಳ್ಳು ಕೀಳುತ್ತ ಅವಳು ಕೇಳಿದಳು: "ಹೂಂ ಅಂತೀಯೇನು ಬೇಟಿ?"

ನಾನು ಇನ್ನೊಂದು ಕೈ ಮುಂದೆ ಚಾಚಿದೆ.

"ನಾನೂ ಎರಡ್ನೇಕೀನ ಬಂದಾಕಿ. ಮೊದಲ್ನೇಕಿ ಮಾರಿ ನೋಡಾಕ ನನಗ ಆರು ವರ್ಷ ಹಿಡೀತು. ಆಕಿ ಸಾಯೂ ಮುಂದ ನೀರು ಹಾಕ್ದಾಕಿ ನಾನಾ. ಬರೂ ಹುಡುಗಿ ಮ್ಯಾಲ ಸಿಟ್ಟು ಇಟ್ಕೋಬ್ಯಾಡ. ಆಕೀನ್ನ ಯಾರೂ ಕೇಳಿಲ್ಲ."

ಸಂಜೆ ಮುಂದೆ ಅರಿವೆ ಸರಿಸಿ ನೋಡಿದರೆ ಬುಟ್ಟಿ ಖಾಲಿ. ಒಂದು ಕಡೆ ಸಂದಿ ಬಿಟ್ಟಿದ್ದೆ. ಕಾಲುವೆ ಅಗೆಯುವ ದಿಕ್ಕಿಗೆ ಹಾರಿದವೆಂದು ಯಾರೋ ಹೇಳಿದರು.

೨ ಮಾರ್ಚ್

ಪೆಟ್ಟಿಗೆಯಲ್ಲಿ ಅರ್ಧ ಇವೆ. ನಿಂತವು ಎನ್ನಲೇ, ಹೋದವು ಎನ್ನಲೇ? ದೇವರ ಜೊತೆ ಕರಾರು ಮಾಡಿಕೊಂಡವಳು ನಾನೇ, ಅರ್ಥ ಹೇಳಬೇಕಾದವಳೂ ನಾನೇ. ನನ್ನ ರಾಣಿ ಹೋದಳು. ಕರಾರು ಮುರಿಯಿತು.

ಇವರು ಊಟಕ್ಕೆ ಕುಳಿತಾಗ, "ಹೂಂ" ಎಂದೆ. ಯಾವುದಕ್ಕೆ ಎಂದು ಇವರು ಕೇಳಲಿಲ್ಲ. ತುತ್ತು ಕೈಯಲ್ಲೇ ಇತ್ತು. ಒಂದು ಮಾತು, "ಬ್ಯಾಡ ಕಸ್ತೂರಿ" ಎಂದು ಒಂದೇ ಮಾತು ಬರುತ್ತದೇನೋ ಎಂದು ಬಡಿಸುವ ಸೌಟು ಹಿಡಿದು ನಿಂತೆ. ಸಾರು ಆರಿತು. ಇವರು ಉಂಡರು.

೨೫ ಮಾರ್ಚ್, ಯುಗಾದಿ

ಹಿರಿಯರು ಐದು ಮಂದಿ ಬಂದಿದ್ದರು. ಅವರ ಮುಂದೆ ಹೂಂ ಅನ್ನಬೇಕಿತ್ತು. ಅಂದೆ. ಒಬ್ಬರಿಗೆ ಕಿವಿ ಮಂದ. "ಇನ್ನೊಮ್ಮಿ ಜೋರಾಗಿ ಅನ್ನವಾ" ಎಂದರು. ಜೋರಾಗಿ ಅಂದೆ.

೨೫ ಏಪ್ರಿಲ್

ಅಕ್ಷಯ ತದಿಗೆ. ಎಲ್ಲರೂ ಮದುವೆಗೆ ಸಾಲಗುಂದಕ್ಕೆ ಹೋದರು. ಹುಳಗಳಿಗೆ ನೀರಿಡಬೇಕು ಎಂದು ನಾನು ಉಳಿದೆ. ನೀರಿಟ್ಟೆ. ಬೇವು ಹೂವಾಗಿದೆ. ಹೊಸ ರಾಣಿ ಚೆನ್ನಾಗಿ ತತ್ತಿ ಇಡುತ್ತಿದ್ದಾಳೆ.

ನನಗೆ ಅವರ ಮೇಲೆ ಇನ್ನೂ ಪ್ರೀತಿ ಇದೆ. ಅದೇ ಹಾಳು. ಇರದಿದ್ದರೆ ಇಂದು ಹೊಟ್ಟೆ ತುಂಬ ಉಂಡು ಮಲಗುತ್ತಿದ್ದೆ.

೨೨ ಮೇ

ಕಾಯ್ದೆ ಬಂತೆಂದು ಪೇಪರಿನಲ್ಲಿ ಬಂದಿದೆಯಂತೆ. "ಒಂದು ತಿಂಗಳ ಮುಂದ ನಾವು ಗೆದ್ವಿ" ಎಂದು ಅತ್ತೆ ಸಕ್ಕರೆ ಹಂಚಿದರು. ನನಗೂ ಕೊಟ್ಟರು. ಬಾಯಲ್ಲಿ ಹಾಕಿಕೊಂಡೆ, ಸಿಹಿಯೇ ಇತ್ತು.

ಪಂಪಮ್ಮ ಒಳ್ಳೆಯವಳು. ಬೈಯಲು ಒಂದು ಕಾರಣ ಹುಡುಕುತ್ತೇನೆ, ಸಿಗುವುದಿಲ್ಲ. ಮುಂಜಾನೆ ನಾನೇಳುವ ಮೊದಲೇ ಬಟ್ಟಲಿಗೆ ನೀರು ತುಂಬಿಸಿರುತ್ತಾಳೆ. ನಾನು ಒಗೆಯಲು ಕುಳಿತರೆ ಪಕ್ಕದಲ್ಲಿ ಬಂದು ಕುಳಿತು ತನ್ನ ಊರಿನ ಸುದ್ದಿ ಹೇಳುತ್ತಾಳೆ. ನಡುಮನೆಯ ಕೋಣೆಯ ಬಾಗಿಲು ಹಾಕುವ ಸದ್ದು ಮಾತ್ರ ಸಹಿಸಲಾಗುವುದಿಲ್ಲ. ಹನ್ನೆರಡು ವರ್ಷ ಆ ಬಾಗಿಲು ಹಾಕುತ್ತಿದ್ದವಳು ನಾನು. ಅಗಳಿ ಸಡಿಲ, ಸ್ವಲ್ಪ ಎತ್ತಿ ಹಾಕಬೇಕು. ಅವಳೂ ಈಗ ಎತ್ತಿ ಹಾಕಲು ಕಲಿತಿದ್ದಾಳೆ.

೯ ಜೂನ್

ಮಳೆಗೆ ಮೊದಲು ಮಸ್ಕಿಯ ಮನೆಯ ಮಾಳಿಗೆಗೆ ಮಣ್ಣು ಹಾಕಿಸಬೇಕೆಂದು ಹೇಳಿದೆ. ಅಪ್ಪ ಅಲ್ಲಿ ಮಠದ ಶಾಲೆಯ ಮಾಸ್ತರರಾಗಿದ್ದರು. ನನಗೆ ಅಕ್ಷರ ಕಲಿಸಿ, ಎರಡು ಕೋಣೆಯ ಆ ಮನೆಯನ್ನೂ ಬಿಟ್ಟು ತೀರಿಕೊಂಡರು. ನಾಲ್ಕು ದಿನಕ್ಕೆ ಎಂದೆ. ಯಾರೂ ನಾಲ್ಕೇ ದಿನವೇ ಎಂದು ಕೇಳಲಿಲ್ಲ.

ಪೆಟ್ಟಿಗೆ ಬಿಟ್ಟು ಹೊರಟಿದ್ದೆ. ಪಂಪಮ್ಮ ನಸುಕಿನಲ್ಲೇ ಬಾಗಿಲಿಗೆ ಜಾಳಿಗೆ ಅರಿವೆ ಕಟ್ಟಿ ಬಂಡಿಗೆ ಇಡಿಸಿದ್ದಳು. "ನಾ ತವರುಮನಿಯಿಂದ ತಂದಿದ್ದು ಅಂತ ತಿಳ್ಕೋ ಅಕ್ಕಾ. ನೀ ಒಯ್ಯಿ" ಎಂದಳು. ಅವಳ ಎದುರು ಅಳಬಾರದೆಂದು ಬಂಡಿಯವನಿಗೆ ಸುಮ್ಮನೆ ಗದರಿದೆ.

೩ ಸೆಪ್ಟೆಂಬರ್ ೧೯೫೫, ಮಸ್ಕಿ

ಹುಳಗಳು ಇಲ್ಲಿಗೆ ಹೊಂದಿಕೊಂಡವು. ಗುಡ್ಡದ ಕಡೆಯಿಂದ ಬರುತ್ತವೆ, ಹೋಗುತ್ತವೆ. ಓಣಿಯ ನಾಲ್ಕು ಹುಡುಗಿಯರು ಮಧ್ಯಾಹ್ನ ಅಕ್ಷರ ಕಲಿಯಲು ಬರುತ್ತಾರೆ. ಸೂಗಪ್ಪನವರಿಂದ ಕಾಗದ ಬಂತು. ಕ್ಷೇಮ, ಮಳೆ ಚೆನ್ನಾಗಿದೆ, ನಿನ್ನ ಆರೋಗ್ಯ ನೋಡಿಕೋ. ಮೂರು ಸಲ ಓದಿದೆ. ಬಾ ಎಂಬ ಅಕ್ಷರ ಅದರಲ್ಲಿ ಇಲ್ಲ.

೧೯ ಫೆಬ್ರವರಿ ೧೯೫೬

ಮೂರು ರಾಣಿಮನೆ ಚಿವುಟಿದೆ. ಸಜ್ಜೆ ಬೀಸಿದೆ. ಈ ವರ್ಷ ಬಿಸಿಲು ಬೇಗ ಏರುತ್ತಿದೆ. ಎರಡನೆಯ ಹುಡುಗಿಗೆ ಒತ್ತಕ್ಷರ ಬಂತು.

೧೨ ಜುಲೈ

ಸೂಗಪ್ಪ ಬಂದಿದ್ದರು. ಹನ್ನೊಂದರ ಬಸ್ಸಿಗೆ ಇಳಿದು, ಕೈಕಾಲು ತೊಳೆದು, ಹೊಸಬರ ಹಾಗೆ ಹೊಸ್ತಿಲ ಹತ್ತಿರವೇ ಕುಳಿತರು. ಗಲ್ಲ ಒಳಗೆ ಹೋಗಿವೆ. ರೊಟ್ಟಿ, ಪುಂಡಿಪಲ್ಯ, ಮೊಸರು ಬಡಿಸಿದೆ. ಕರೆಯಲು ಬಂದಿದ್ದಾರೆ ಎಂದುಕೊಂಡೆ. ಸುಳ್ಳು ಯಾಕೆ ಬರೆಯಲಿ, ಸೀರೆ ಯಾವುದು ಉಡಲಿ ಎಂದೂ ಯೋಚಿಸಿಬಿಟ್ಟಿದ್ದೆ.

ಕರೆಯಲೆಂದೇ ಬಂದಿದ್ದರು.

"ಅವ್ವ ಪಂಪಿನ್ನ ಕರಿಬಸಯ್ಯನ ಹತ್ರ ಕರ್ಕೊಂಡು ಹೋಗಿದ್ಲು. ಈಗ ದಿನಾ ಆಕಿ ಮ್ಯಾಲ ಬಾಯಿ. ನಿನಗ ಅಂತಿದ್ದದ್ದೆಲ್ಲಾ ಆಕಿಗೆ ಅಂತಾಳ. ಸಣ್ಣಾಕಿ, ತಡಕೊಳ್ಳೂದಿಲ್ಲ. ಮೊನ್ನಿ ಬಾವಿ ಕಟ್ಟಿಮ್ಯಾಲ ಒಬ್ಬಾಕೀನ ಕುಂತಿದ್ಲು." ರೊಟ್ಟಿ ಚೂರು ಮಾಡುತ್ತ ಇದ್ದರು, ಬಾಯಿಗೆ ಹಾಕಿಕೊಳ್ಳಲಿಲ್ಲ. "ನೀ ಬಂದುಬಿಡು ಕಸ್ತೂರಿ. ನೀ ಇದ್ರ ಅವ್ವನ ಬಾಯಿ ನಿನ್ನ ಕಡಿ ಹೊಳ್ಳತದ. ನಿನಗ ರೂಢಿ ಐತಿ."

ನಿನಗೆ ರೂಢಿ ಇದೆ. ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಅವರ ಮುಖ ನೋಡಿದೆ. ಆಮೇಲೆ, "ಆಕಿ ಬಂದು ಒಂದು ವರ್ಷ ಆತಷ್ಟ. ಇನ್ನೂ ಆಗಬಹುದಲ್ಲ?" ಎಂದೆ.

"ಆಗೂದಿಲ್ಲ."

"ಅಷ್ಟು ಗಟ್ಟಿ ಹೆಂಗ ಹೇಳ್ತೀರಿ?"

ತಟ್ಟೆ ಸರಿಸಿದರು. ಐದು ವರ್ಷದ ಹಿಂದೆ ವ್ಯಾಪಾರಕ್ಕೆಂದು ಹೈದರಾಬಾದಿಗೆ ಹೋಗಿ ಹನ್ನೆರಡು ದಿನ ಉಳಿದಿದ್ದರು. ಆಗ ಅಲ್ಲಿನ ದೊಡ್ಡ ಡಾಕ್ಟರಿಗೆ ತೋರಿಸಿಕೊಂಡಿದ್ದರಂತೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಮಂಗನಬಾವು ಬಂದು ಬೀಜಕ್ಕೆ ಇಳಿದಿತ್ತಲ್ಲ, ಅಂದೇ ಮುಗಿದಿದೆ, ನಿನ್ನಿಂದ ಮಕ್ಕಳಾಗುವುದಿಲ್ಲ ಎಂದು ಪರೀಕ್ಷೆ ಮಾಡಿ ಹೇಳಿದ್ದರಂತೆ.

ಐದು ವರ್ಷ. ಕರಿಬಸಯ್ಯ ಶಾಸ್ತ್ರ ಹೇಳಿದಾಗ ಪಕ್ಕದಲ್ಲಿ ಕುಳಿತು ಕೇಳಿದ್ದರು. ಲಿಂಗಸುಗೂರಿಗೆ ಬರಲು ಸುಗ್ಗಿ ಅಡ್ಡ ಬಂತು. ನನ್ನ ಹೂಂ ಕೇಳಿಸಿಕೊಂಡು ಉಂಡರು.

"ಗೊತ್ತಿದ್ದೂ ಆ ಹುಡುಗೀನ್ನ ಯಾಕ ತಂದ್ರಿ?"

"ಡಾಕ್ಟರ ಮಾತು ಸುಳ್ಳಾದೀತು ಅಂತ. ಒಮ್ಮೊಮ್ಮಿ ಸುಳ್ಳಾಗ್ತದಂತ ಕಸ್ತೂರಿ. ಊರಾಗ ನಾ ಹೆಂಗ ತಲಿ ಎತ್ತಿ ಅಡ್ಡಾಡ್ಲಿ, ನೀನಾ ಹೇಳು." ಅತ್ತರು. ಹಿಂದೆ ಅಳುತ್ತಿದ್ದ ಹಾಗೆಯೇ, ಕೂಸಿನ ಹಾಗೆ. ನಾನು ಕುಡಿಯಲು ನೀರು ಕೊಟ್ಟೆ. "ಯಾರಿಗೂ ಹೇಳಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ."

ಮೂರರ ಬಸ್ಸಿಗೆ ಹೋದರು. ಬೈಯಲಿಲ್ಲ ನಾನು. ಬೈಗುಳವೆಲ್ಲ ಅವರು ಹೋದ ಮೇಲೆ ಬಂದವು. ಮೊದಲು ಅವರಿಗೆ, ಆಮೇಲೆ ಅತ್ತೆಗೆ, ಆಮೇಲೆ ಹುಚ್ಚಿಯ ಹಾಗೆ ಗುಬ್ಬಿಗೂಡಿನ ಕಸ ತೆಗೆಯದೆ ಬಿಟ್ಟ ನನಗೇ. ಹದಿನಾರರಿಂದ ಇಪ್ಪತ್ತೆಂಟು. ಅಷ್ಟು ವರ್ಷ ಕೂಸಿನ ತೊಟ್ಟಿಲು ಕಂಡಲ್ಲೆಲ್ಲ ತಲೆ ತಗ್ಗಿಸಿ ದಾಟಿದ್ದೆ. ತೊಟ್ಟಿಲಲ್ಲಿ ಇಣುಕಿದರೆ ನನ್ನ ದೃಷ್ಟಿ ತಾಕೀತೆಂದು ನಾನೇ ನಂಬಿದ್ದೆ.

೧೪ ಜುಲೈ, ಸಿಂಧನೂರು

ಬೆಳಗಿನ ಬಸ್ಸಿಗೆ ಬಂದೆ. ಅತ್ತೆ ಮಠಕ್ಕೆ ಹೋಗಿದ್ದರು, ಅವರು ಅಂಗಡಿಯಲ್ಲಿದ್ದರು. ಪಂಪಮ್ಮ ಹಿತ್ತಲಲ್ಲಿ ಒಬ್ಬಳೇ ಕಾಳು ಹಸನು ಮಾಡುತ್ತಿದ್ದಳು. ಕಣ್ಣ ಕೆಳಗೆ ಕಪ್ಪಾಗಿದೆ. ನನ್ನನ್ನು ಕಂಡು ಮೊರ ಬಿಟ್ಟು ಓಡಿ ಬಂದಳು.

ದಾರಿಯುದ್ದಕ್ಕೂ ನಾನು ಒಂದೇ ಅಂದುಕೊಂಡಿದ್ದೆ: ನನಗೆ ಯಾರೂ ಹೇಳಲಿಲ್ಲ, ಇವಳಿಗೆ ನಾನು ಹೇಳುತ್ತೇನೆ. ಹೇಳಿದೊಡನೆ ಹುಡುಗಿಯ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಕೂರಿಸಿಕೊಂಡು, ಕೈ ಹಿಡಿದುಕೊಂಡು, ಎಲ್ಲ ಹೇಳಿದೆ. "ನಿನ್ನೊಳಗ ಏನೂ ದೋಷ ಇಲ್ಲವಾ. ನಿನ್ನೊಳಗೂ ಇಲ್ಲ, ನನ್ನೊಳಗೂ ಇಲ್ಲ."

ಅವಳು ಬಹಳ ಹೊತ್ತು ಕಾಳಿನ ಮೇಲೆ ಕೈಯಾಡಿಸುತ್ತ ಇದ್ದಳು. ಆಮೇಲೆ ಕೇಳಿದಳು: "ಹಂಗಾದ್ರ ಅಕ್ಕಾ, ಈ ಮನ್ಯಾಗ ಇದ್ರ ನನಗ ಎಂದೂ ಆಗೂದಿಲ್ಲೇನು?"

ಆ ಮಾತು ನನಗೆ ದಾರಿಯಲ್ಲಿ ಹೊಳೆದೇ ಇರಲಿಲ್ಲ. ಅವಳಿಗೆ ಇನ್ನೂ ಹತ್ತೊಂಬತ್ತು. ಅವಳ ಬಟ್ಟೆಯ ಪೆಟ್ಟಿಗೆಯಲ್ಲಿ ತವರಿನಿಂದ ತಂದ ಕುಲಾವಿ ಇದೆ, ನಾನೇ ಕಂಡಿದ್ದೇನೆ. ನಿನ್ನೆಯವರೆಗೆ ಅವಳಿಗೆ ಬೈಗುಳದ ಜೊತೆ ಒಂದು ಆಸೆಯೂ ಇತ್ತು. ನಾನು ಬಂದು ಅದನ್ನೂ ತೆಗೆದುಕೊಂಡೆ.

"ನೀ ಹೂಂ ಅನ್ನೂ ಮುಂದ ಇದು ನಿನಗ ಗೊತ್ತಿತ್ತೇನು?"

"ಇಲ್ಲವಾ."

"ಗೊತ್ತಿದ್ರ ಅಂತಿದ್ದಿಲ್ಲ ಹೌದಿಲ್ಲ?"

"ಅಂತಿದ್ದಿಲ್ಲ."

ಅವಳು ತಲೆಯಾಡಿಸಿದಳು. ನನ್ನ ಮೇಲೆ ಸಿಟ್ಟೇ ಮಾಡಿಕೊಳ್ಳಲಿಲ್ಲ, ಅದನ್ನು ನಾನು ಹೇಗೆ ತಡೆದುಕೊಳ್ಳಲಿ? ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಅತ್ತದ್ದಕ್ಕೆ ನನ್ನ ಸೀರೆ ತೊಯ್ದಿತು.

ಲಿಂಗಸುಗೂರಿನ ಡಾಕ್ಟರು ಅಂದೇ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ. ಹುಳ ಹಾರಿಹೋದ ದಿನ ಅವರ ಮಾತನ್ನು ನೆನೆಯಲಿಲ್ಲ, ಕರಿಬಸಯ್ಯನ ಮಾತನ್ನು ನೆನೆದೆ. ನನಗೆ ನಾನು ಮಾಡಿಕೊಂಡದ್ದು ಹೋಗಲಿ. ಹನ್ನೆರಡು ವರ್ಷ ಹೊತ್ತ ಪಾಪ ನನ್ನದಾಗಿರಲಿಲ್ಲ. ಈ ಹುಡುಗಿ ನನ್ನ ಬಾಯಿಯ ಒಂದು ಮಾತಿನಿಂದ ಈ ಮನೆಗೆ ಬಂದಳು. ಇದು ನನ್ನದು.